ಎರಡು ತಾಸಿನ ದಿಲ್ಲಿ

ವಿಮಾನ ಹತ್ತಿದವರ ಎದೆ ಡವಗುಟ್ಟುವುದು ಅದು ನೆಲ ಬಿಡುವಾಗ ಎಂದು ತಿಳಿದಿದ್ದೆ. ನಮ್ಮ ದೊಡ್ಡವ್ವನಿಗೆ ಅದು ನೆಲ ಮುಟ್ಟಿದ ಮೇಲೆ ಆಯಿತು.

ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ, ಚಿಂಚೋಳಿಯ ಶರಣಮ್ಮ. ಇವರಿಬ್ಬರ ಕಿರಿಯ ತಂಗಿ ಕಸ್ತೂರಿ ಚಿಕ್ಕವ್ವ ಮದುವೆಯಾಗಿ ದಿಲ್ಲಿ ಸೇರಿದವಳು. ಆಕೆಗೆ ಮೊಣಕಾಲಿನ ಆಪರೇಷನ್ ಆಯಿತೆಂದು ಸುದ್ದಿ ಬಂದಾಗ ದೊಡ್ಡವ್ವನನ್ನು ಕರೆದೊಯ್ಯುವ ಕೆಲಸ ಸೇಡಂನಲ್ಲಿದ್ದ ನನ್ನ ಪಾಲಿಗೆ ಬಂತು. ಮನೆತನದಲ್ಲಿ ವಿಮಾನ ಹತ್ತಿದವನು ನಾನೊಬ್ಬನೇ. ಹತ್ತಿದ್ದು ಒಂದೇ ಸಲ, ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದೆ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಬಸ್ಸಿನಾಗ ಹೈದರಾಬಾದಿಗೆ ಹೋಗೂದು, ಅಲ್ಲಿಂದ ದಿಲ್ಲಿಗೆ ಎರಡು ತಾಸು," ಎಂದೆ.

"ಎರಡು ದಿವಸ ಅನ್ನು. ಎರಡು ತಾಸಿನಾಗ ಇಲ್ಲಿಂದ ವಾಡಿ ಸ್ಟೇಷನ್ ಸುದ್ದಾ ಮುಟ್ಟಂಗಿಲ್ಲ."

ಪುಸ್ತಕದವರು ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ನಮ್ಮ ಕಡೆ ಅಳೆಯುವುದು ಬುತ್ತಿಯಲ್ಲಿ. ಚಿತ್ತಾಪುರ, ಶಹಾಬಾದಕ್ಕೆ ಬರಿಗೈಯಲ್ಲಿ ಹೋದರೂ ನಡೆಯುತ್ತದೆ. ದಿಲ್ಲಿಗೆ ಡಬ್ಬಿ ತುಂಬ ಕಟಕ ರೊಟ್ಟಿ, ಶೇಂಗಾ ಹಿಂಡಿ ಮತ್ತು ಹೊದೆಯಲು ಒಂದು ಕೌದಿ ಬೇಕು. ದೊಡ್ಡವ್ವ ಎಲ್ಲವನ್ನೂ ಕಟ್ಟಿಕೊಂಡೇ ಹೊರಟಳು.

ವಿಮಾನ ಏರಿತು, ಚಹಾ ಬಂತು, ದೊಡ್ಡವ್ವ ಕೌದಿ ಹೊದ್ದು ಒಂದು ಜೋಂಪು ತೆಗೆದಳು. ಅಷ್ಟರಲ್ಲಿ ಇಳಿದೇಬಿಟ್ಟಿತು. ಜನ ಎದ್ದು ನಿಂತರು. ಆಕೆ ಮಾತ್ರ ಸೀಟಿನ ಪಟ್ಟಿ ಬಿಚ್ಚಲೊಲ್ಲಳು.

"ಯಾಕ ಅವಸರ ಮಾಡ್ತಿ? ವಾಡಿ ಜಂಕ್ಷನ್ ಇದ್ದಂಗ ನಡುವ ನಿಂತದ."

ನನ್ನ ಮಾತು ನಂಬದೆ ಗಗನಸಖಿಯನ್ನೇ ಕೇಳಿದಳು: "ಯೇ ದಿಲ್ಲೀಚ್ ಹೈ ಕ್ಯಾ ಬೇಟೀ?"

ಆ ಹುಡುಗಿ ನಕ್ಕು, ಹೌದು, ದಿಲ್ಲಿಯೇ ಎಂದಳು. ನಾನೂ ನಗಬೇಕೆಂದಿದ್ದೆ, ದೊಡ್ಡವ್ವನ ಮುಖ ನೋಡಿ ಆಗಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಮ್ಮವ್ವ ಸತ್ತಾಗ ಈ ವಿಮಾನ ಇರಲಿಲ್ಲೇನು?" ಎಂದು ಕೇಳಿದಳು.

"ಇತ್ತು," ಎಂದೆ.

ಅಜ್ಜಿ ತೀರಿಕೊಂಡಾಗ ಚಿಕ್ಕವ್ವ ರೈಲಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. 'ಭಾಳ ದೂರರಿ, ಪಾಪ, ಆಕೀನರ ಏನು ಮಾಡ್ಯಾಳು' ಎಂದು ಬಂದವರಿಗೆಲ್ಲ ತಂಗಿಯ ಪರವಾಗಿ ಹೇಳಿದವಳು ದೊಡ್ಡವ್ವನೇ. ಟ್ಯಾಕ್ಸಿಯಲ್ಲಿ ಆಕೆ ದಿಲ್ಲಿಯ ಕಡೆ ನೋಡಲೇ ಇಲ್ಲ.

ಚಿಕ್ಕವ್ವ ವಾಕರ್ ಹಿಡಿದು ಬಾಗಿಲಿಗೆ ಬಂದಳು. ದೊಡ್ಡವ್ವ ಹೊಸ್ತಿಲಾಚೆಯೇ ನಿಂತು, "ಎರಡು ತಾಸಿನ ಹಾದಿ ಕಸ್ತೂರಿ! ಅವ್ವನ ಮಾರಿ ನೋಡಲಿಕ್ಕ ಬರಲಿಲ್ಲಲ್ಲ ನೀ!" ಎಂದಳು.

ಚಿಕ್ಕವ್ವ ಮೆಲ್ಲಗೆ ಕೇಳಿದಳು: "ನಿನಗೂ ಅಷ್ಟೇ ಹಾದಿ ಇತ್ತಲ್ಲಕ್ಕ? ನನ್ನ ಮನಿಗಿ ಇವತ್ತೇ ಮೊದಲನೇ ಸಲ ಬಂದಿ."

ಇಂಥ ಲೆಕ್ಕ ತನ್ನ ಕಡೆಗೂ ತಿರುಗೀತೆಂದು ದೊಡ್ಡವ್ವ ಎಣಿಸಿರಲಿಲ್ಲ. ಕಡೆಗೆ ಚಪ್ಪಲಿ ಬಿಟ್ಟು ಒಳಗೆ ಬಂದು, "ಕುಂದ್ರು ಮೊದಲ. ಎಲ್ಲಿ, ಮೊಣಕಾಲು ತೋರಸು," ಎಂದಳು. ಆಮೇಲೆ ಇಬ್ಬರೂ ಒಂದೇ ಸಮನೆ ಅತ್ತರು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ, ನೀರಡಿಕೆ ಇಲ್ಲದಿದ್ದರೂ.

ಒಂದು ತಿಂಗಳು ಅಲ್ಲೇ ಇದ್ದು ಊರಿಗೆ ಮರಳಿದಾಗ ಓಣಿಯ ಹೆಂಗಸರು ಸುತ್ತುಗಟ್ಟಿದರು. "ದಿಲ್ಲಿ ಎಷ್ಟು ದೂರ ಅದರಿ ಯಮ್ಮಾ?"

ದೊಡ್ಡವ್ವ ನನ್ನನ್ನೊಮ್ಮೆ ದುರುಗುಟ್ಟಿ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ.

"ಭಾಳ ದೂರ ಅದ ನೋಡವಾ," ಎಂದಳು. "ಹೋಗಿ ಮುಟ್ಟೂದ್ರಾಗ ಸಾಕಾಗಿ ಹೋಯ್ತು."

ಅದರಲ್ಲಿ ಸುಳ್ಳೇನೂ ಇರಲಿಲ್ಲ.