ನಾಳೆಗೆ ಸಡಿಲಾಗುವ ಬೂಟು

ನನ್ನ ತಂಗಿಯ ಗಂಡ ಸುಳ್ಳುಗಾರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನ ಜೊತೆ ಹತ್ತು ನಿಮಿಷ ಕೂತವರೆಲ್ಲ ಅವನನ್ನು ಮೆಚ್ಚಿಕೊಂಡೇ ಏಳುತ್ತಾರೆ. ದುಡ್ಡಿಗಾಗಿ ಸುಳ್ಳು ಹೇಳುವವರುಂಟು, ಭಯಕ್ಕೆ ಹೇಳುವವರುಂಟು. ಇವನು ಬಾಯಿರುಚಿಗೆ ಹೇಳುತ್ತಾನೆ. ಅಂಥವರನ್ನು ತಿದ್ದಲಾಗದು.

ಅವನಿಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಅದು ಹೋದದ್ದು ಹೇಗೆಂದು ಕೇಳಿದರೆ, ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಾನೆ. ನೆರೆಮನೆಯ ಮಕ್ಕಳಿಗೆ ಮೊಸಳೆ. ಬ್ಯಾಂಕಿನ ಗುಮಾಸ್ತನಿಗೆ ಗಡಿಯಲ್ಲಿ ಸಿಡಿದ ಬಾಂಬು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುದುಕಿಗೆ ರೈಲು, ಅದೂ ಹಳಿಯ ಮೇಲೆ ಸಿಕ್ಕಿಕೊಂಡ ಕರುವನ್ನು ಬಿಡಿಸಲು ಹೋಗಿ. ಮುದುಕಿ ಕಣ್ಣೊರೆಸಿಕೊಂಡು ಒಂದು ಕಿತ್ತಳೆ ಕೊಟ್ಟಳಂತೆ. ಅದನ್ನು ಮನೆಗೆ ತಂದು ಸುಲಿದು, ನಮಗೂ ತೊಳೆ ಹಂಚಿದ. ಮದುವೆಗೆ ಮುಂಚೆ ನನಗೆ ಹೇಳಿದ್ದು ಮೋಟಾರು ಅಪಘಾತ. ಯಾವುದು ನಿಜವೆಂದು ತಂಗಿಯನ್ನು ಕೇಳಿದರೆ, "ಹೋದ ಕಾಲಿನ ವಿಚಾರಣೆ ಯಾಕಕ್ಕ? ಇರೋ ಕಾಲಿಗೆ ಕಾಲುಚೀಲ ಹುಡುಕಿ ಹುಡುಕಿನೇ ಸಾಕಾಗಿದೆ ನನಗೆ" ಎಂದಳು.

ಅವನ ಕೆಲಸ ಬೂಟಿನ ಅಂಗಡಿಯಲ್ಲಿ. ಗಾಲಿಯಿರುವ ಗಿಡ್ಡ ಸ್ಟೂಲಿನ ಮೇಲೆ ಕೂತು, ಪೆಟ್ಟಿಗೆಗಳ ಸಾಲಿನಿಂದ ಗಿರಾಕಿಯ ಪಾದದ ತನಕ ಒಂದೇ ತಳ್ಳಿಗೆ ಬರುತ್ತಾನೆ. ಯಾರಾದರೂ ಕೃತಕ ಕಾಲಿನ ಕಡೆ ಕದ್ದು ನೋಡಿದರೆ, ತನಗೆ ಒಂದು ಕಾಲಿಗೆ ಮಾತ್ರ ಬೂಟು ಸವೆಯುತ್ತದೆ, ಹಾಗಾಗಿ ಖರ್ಚು ಅರ್ಧ ಎನ್ನುತ್ತಾನೆ. ಅಂಗಡಿಯಲ್ಲಿ ಅವನ ಖಾಯಂ ಸುಳ್ಳು ಒಂದಿದೆ. ಸರಿಯಾದ ಅಳತೆ ಮುಗಿದಿದ್ದರೆ ಒಂದು ನಂಬರು ಸಣ್ಣದನ್ನೇ ಹಾಕಿಸಿ, "ಇವತ್ತು ಬಿಗಿ, ನಾಳೆಗೆ ಸಡಿಲಾಗುತ್ತೆ" ಎಂದು ಕಳಿಸುತ್ತಾನೆ. ಕೆಲವರಿಗೆ ಚರ್ಮ ಹಿಗ್ಗುತ್ತದೆ, ಕೆಲವರು ಅಭ್ಯಾಸ ಮಾಡಿಕೊಳ್ಳುತ್ತಾರೆ. ಜಗಳಕ್ಕೆ ಬಂದವರು ಕಡಿಮೆ. ಬಂದವರಿಗೆ ಮೊಸಳೆಯ ಕಥೆ ಇದ್ದೇ ಇದೆ.

ವಾರಕ್ಕೊಂದು ಸಂಜೆ ಅವನು ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ ಆಟ, ಆಡುತ್ತಾನೆ. ಇದು ಸುಳ್ಳಲ್ಲ. ಆ ಹೊತ್ತಿಗೆ ತಂಗಿ ಕೆಲಸದಲ್ಲಿರುವುದರಿಂದ ಕಾರಿನಲ್ಲಿ ಕರೆದುಕೊಂಡು ಹೋಗುವವಳು ನಾನು. ಆಡುವವರೆಲ್ಲ ಕಾಲಿಲ್ಲದವರು ಅಥವಾ ಕಾಲಿದ್ದೂ ಅದರಲ್ಲಿ ಬಲವಿಲ್ಲದವರು. ಒಬ್ಬೊಬ್ಬರೂ ಒಂದೊಂದು ಸ್ಲೆಡ್ಡಿನಲ್ಲಿ ಕೂತು ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುತ್ತಾರೆ. ಸ್ಲೆಡ್ಡೆಂದರೆ ಕೆಳಗೆ ಎರಡು ಅಲಗುಗಳಿರುವ, ಕಾಲು ಚಾಚಿ ಕೂರುವ ಬುಟ್ಟಿ. ಎರಡೂ ಕೈಗೆ ಒಂದೊಂದು ಗಿಡ್ಡ ಕೋಲು. ಅದರ ಒಂದು ತುದಿಯಲ್ಲಿ ಉಕ್ಕಿನ ಹಲ್ಲುಗಳು, ಅವನ್ನು ಮಂಜುಗಡ್ಡೆಗೆ ಚುಚ್ಚಿ ಮುಂದಕ್ಕೆ ಚಿಮ್ಮುವುದು. ಇನ್ನೊಂದು ತುದಿ ಬಾಗಿದೆ, ಪಕ್ ಹೊಡೆಯುವುದು ಅದರಿಂದ. ಪಕ್ಕೆಂದರೆ ಕರಿಯ ರಬ್ಬರಿನ ಬಿಲ್ಲೆ. ಮೊದಲ ದಿನ ನಾನು ಪುಸ್ತಕ ಹಿಡಿದು ಹೋಗಿದ್ದೆ. ಓದಲಾಗಲಿಲ್ಲ. ಒಬ್ಬರ ಸ್ಲೆಡ್ಡಿಗೆ ಇನ್ನೊಬ್ಬರ ಸ್ಲೆಡ್ಡು ಬಡಿದಾಗ ಪಾತ್ರೆ ಅಂಗಡಿಯ ಅಟ್ಟ ಕುಸಿದ ಹಾಗೆ ಸದ್ದು. ಮಗುಚಿ ಬಿದ್ದವರನ್ನು ಯಾರೂ ಎತ್ತುವುದಿಲ್ಲ. ಕೋಲು ಊರಿ ತಾವೇ ಏಳುತ್ತಾರೆ, ಏಳುವಾಗ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಾರೆ.

ತಂಡದಲ್ಲಿ ಅವನಿಗೆ ಬುರುಡೆಯಣ್ಣ ಎಂದು ಹೆಸರು. ಅವರಿದ್ದದ್ದು ಏಳು ಜನ. ಎಂಟು ಜನರಿಲ್ಲದೆ ಪಂದ್ಯಾವಳಿಗೆ ಹೆಸರು ಕೊಡುವಂತಿಲ್ಲವೆಂಬ ನಿಯಮದಿಂದಾಗಿ, ಅಷ್ಟು ವರ್ಷ ತಮ್ಮತಮ್ಮಲ್ಲೇ ಆಡಿ ತಮ್ಮನ್ನೇ ಸೋಲಿಸಿಕೊಂಡು ಮನೆಗೆ ಬರುತ್ತಿದ್ದರು. ಹೊರಗಿನವರ ಎದುರು ಒಂದೇ ಒಂದು ಪಂದ್ಯ ಆಡಬೇಕೆಂಬುದು ಅವನ ಆಸೆ. ಅವನ ಭುಜಗಳು ಸವೆದಿದ್ದವು. ರಾತ್ರಿ ತಂಗಿ ಬಿಸಿನೀರಿನ ಚೀಲ ಇಡುತ್ತಿದ್ದಳು. ಮುಂದಿನ ವರ್ಷ ಈ ಆಟ ಬೇಡವೆಂದು ವೈದ್ಯರು ಹೇಳಿದ್ದರು. ಇದನ್ನು ಅವನು ತಂಡದವರಿಗೆ ಹೇಳಿರಲಿಲ್ಲ. ಕೇಳಿದವರಿಗೆ, "ವೈದ್ಯರೇ ನನ್ನ ಭುಜ ಮುಟ್ಟಿ ನೋಡಿ ಬೆರಗಾದ್ರು" ಎನ್ನುತ್ತಿದ್ದ.

ಆ ವರ್ಷ ಹೆಸರು ಕೊಡಲು ಇನ್ನೇನು ಒಂದು ವಾರ ಉಳಿದಿದೆ ಎನ್ನುವಾಗ ಎಂಟನೆಯವನು ಸಿಕ್ಕಿದ. ಬೇಕರಿಯಲ್ಲಿ ಹಿಟ್ಟು ನಾದುವವನು. ಹಿಂದೆ ಸರಿದ ಹಿಟ್ಟಿನ ಲಾರಿಗೆ ಸಿಕ್ಕಿ ಎಡಗಾಲು ಕಳೆದುಕೊಂಡಿದ್ದ. ತೋಳುಗಳು ತೊಲೆಯಂತಿದ್ದವು. ಬೂಟು ಕೊಳ್ಳಲೆಂದು ಅಂಗಡಿಗೆ ಬಂದವನ ಪಾದ ಅಳೆಯುವುದು ಬಿಟ್ಟು ಇವನು ತೋಳು ಅಳೆದನಂತೆ. ಬೂಟನ್ನೂ ಮಾರಿದ, ತಂಡಕ್ಕೂ ಸೇರಿಸಿದ. ಕಾರಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು.

"ಅಕ್ಕ, ಅವನು ಒಂದು ಸಲ ಕೋಲು ಊರಿದ್ರೆ ಆಚೆ ಗೋಡೆಗೆ ಹೋಗಿ ನಿಲ್ತಾನೆ."

"ಅವನು ಊರಿದ್ದನ್ನ ನೀನು ಯಾವಾಗ ನೋಡಿದೆ?"

"ನೋಡೋದೇನಿದೆ? ಬ್ರೆಡ್ ನೋಡಿದ್ರೇ ಗೊತ್ತಾಗಲ್ವಾ."

ಅವನು ಮೊದಲ ಸಲ ಆಡಲು ಬಂದ ಆ ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಉಳಿದವರು ಆಗಲೇ ಮಂಜುಗಡ್ಡೆಗೆ ಇಳಿದಿದ್ದರು. ಬೇಕರಿಯವನು ಬೆಂಚಿನ ಮೇಲೆ ಕೃತಕ ಕಾಲು ಕಳಚಿಟ್ಟು ಸ್ಲೆಡ್ಡಿನಲ್ಲಿ ಕೂತ. ನನ್ನ ತಂಗಿಯ ಗಂಡ ನೆಲದ ಮೇಲೆ ಕೂತು ಅವನಿಗೆ ಪಟ್ಟಿ ಬಿಗಿಯುತ್ತ, ಅವನ ಇರುವ ಕಾಲನ್ನು ಚೌಕಟ್ಟಿನಲ್ಲಿ ಇಡಲು ಬೂಟು ಬಿಚ್ಚಿದ. ತಾನೇ ಮಾರಿದ ಬೂಟು. ಕಾಲುಚೀಲದ ಹೆಬ್ಬೆರಳಿನ ಬಳಿ ಅಂಗೈಯಗಲ ಒದ್ದೆಯಾಗಿ ಹಳದಿಗಟ್ಟಿತ್ತು.

ಇವನ ಕೈ ನಿಂತಿತು. ಕಾಲುಚೀಲವನ್ನು ಮೆಲ್ಲಗೆ ಸುರುಳಿ ಮಾಡಿ ತೆಗೆದ. ಹೆಬ್ಬೆರಳಿನ ಪಕ್ಕದಲ್ಲಿ ನಾಣ್ಯದಷ್ಟು ದೊಡ್ಡ ಹುಣ್ಣು, ಅಂಚು ಕಪ್ಪಾಗಿತ್ತು. ಬೇಕರಿಯವನು ಬಗ್ಗಿ ನೋಡಿ ತನಗೇ ಆಶ್ಚರ್ಯವಾದವನಂತೆ ನಕ್ಕ. ಬೂಟು ಕಚ್ಚಿರಬೇಕು, ನೋವೇ ಇಲ್ಲವಲ್ಲ ಎಂದ. ಸಕ್ಕರೆ ಕಾಯಿಲೆ ಇದೆಯೇ ಎಂದು ಇವನು ಕೇಳಿದ. ಇದೆ, ಆದರೆ ಬೇಕರಿಯಲ್ಲಿದ್ದೂ ತಾನು ಸಿಹಿ ಮುಟ್ಟುವವನಲ್ಲ ಎಂದು ಅವನು ಹೆಮ್ಮೆಪಟ್ಟ. ಆಟ ಶುರುವಾಗಲಿ, ಹುಣ್ಣನ್ನು ನಾಳೆ ನೋಡೋಣ ಎಂದೂ ಸೇರಿಸಿದ.

ಹೊರಗಿನಿಂದ ಬುರುಡೆಯಣ್ಣನನ್ನು ಯಾರೋ ಕೂಗಿದರು. ಇವನು ಅತ್ತ ನೋಡಲಿಲ್ಲ. ಬಿಗಿದಿದ್ದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

"ಯಾಕಣ್ಣ?"

"ನೀನು ಆಡಲ್ಲ. ಈಗಲೇ ಆಸ್ಪತ್ರೆಗೆ ಹೋಗ್ತೀವಿ."

"ಇಷ್ಟಕ್ಕೆಲ್ಲ ಆಸ್ಪತ್ರೆನಾ? ನಾಳೆಗೆ ಸಡಿಲಾಗುತ್ತೆ ಅಂತ ನೀವೇ ಹೇಳಿದ್ರಿ."

"ಸುಳ್ಳು ಹೇಳಿದೆ. ನಿನ್ನ ನಂಬರು ಅಂಗಡೀಲಿ ಇರಲಿಲ್ಲ." ಇವನು ತಲೆಯೆತ್ತದೆ ಬಿಚ್ಚುತ್ತಲೇ ಇದ್ದ. "ನನ್ನ ಕಾಲು ಹೋಗಿದ್ದೂ ಹಿಂಗೇನೆ. ಗಾಜಿನ ಪೆಟ್ಟಿಗೇಲಿಟ್ಟ ಬೂಟು, ಬಲು ಚೆನ್ನಾಗಿತ್ತು, ಒಂದು ನಂಬರು ಸಣ್ಣದು. ಹಾಕ್ಕೊಂಡು ಮೆರೆದೆ. ಕಚ್ಚಿತು, ನನಗೂ ಸಕ್ಕರೆ ಕಾಯಿಲೆ, ಪಾದ ಮರಗಟ್ಟಿತ್ತು, ನೋವಾಗಲಿಲ್ಲ. ನೋವಿಲ್ಲ ಅಂದ್ರೆ ಏನೂ ಇಲ್ಲ ಅಂದ್ಕೊಂಡೆ. ಮೊದಲು ಬೆರಳು ತೆಗೆದ್ರು, ಆಮೇಲೆ ಪಾದ, ಆಮೇಲೆ ಇಲ್ಲೀತನಕ."

ಮೊಸಳೆ, ಬಾಂಬು, ರೈಲು, ಮೋಟಾರು ಎಲ್ಲ ಕೇಳಿದ್ದ ನಾನು ಇದನ್ನು ಕೇಳಿರಲಿಲ್ಲ.

ಬೇಕರಿಯವನ ನಗು ಹೋಯಿತು. ಈ ವಿಷಯ ಬೇಕರಿಯ ಮಾಲೀಕರ ಕಿವಿಗೆ ಬೀಳಬಾರದು ಎಂದ. ಒಂಟಿ ಕಾಲಿನವನನ್ನು ದಯೆಯಿಂದ ಇಟ್ಟುಕೊಂಡಿದ್ದಾರೆ, ಅದರ ಮೇಲೆ ರೋಗವೂ ಇದೆಯೆಂದರೆ ಇಟ್ಟುಕೊಳ್ಳುತ್ತಾರೆಯೇ? ಈ ತಂಡದ ಗೋಲ್ ಕೀಪರ್ ಆ ಮಾಲೀಕರ ಅಳಿಯ. ಇಲ್ಲಿ ಇವತ್ತು ಆಡಿದ ಮಾತು ನಾಳೆ ಬೆಳಗ್ಗೆ ಒಲೆಯ ಬಳಿ ಇರುತ್ತದೆ.

"ಯಾರಿಗೂ ಹೇಳಲ್ಲ, ನಡಿ" ಎಂದು ಇವನು ನನ್ನತ್ತ ತಿರುಗಿ, "ಅಕ್ಕ, ಕಾರು ಬಾಗಿಲಿಗೆ ತರ್ತೀರಾ?" ಎಂದ.

ಕಾರು ತಂದೆ. ಆಸ್ಪತ್ರೆಯಲ್ಲಿ ಯುವ ವೈದ್ಯೆ ಹುಣ್ಣನ್ನು ಕೆರೆದು, ತೊಳೆದು, ಕಟ್ಟು ಹಾಕಿ, ಇನ್ನು ಕೆಲವು ದಿನ ಬಿಟ್ಟಿದ್ದರೆ ಮೂಳೆಗೆ ಇಳಿಯುತ್ತಿತ್ತು ಎಂದಳು. ಪಾದ ಉಳಿಯುತ್ತದೆ. ಆದರೆ ಎರಡು ತಿಂಗಳು ಅದರ ಮೇಲೆ ಭಾರ ಹಾಕುವಂತಿಲ್ಲ, ಥಂಡಿಗೆ ಒಡ್ಡುವಂತಿಲ್ಲ. ಮಂಜುಗಡ್ಡೆಯ ಮಾತು ಎತ್ತಿದ್ದಕ್ಕೆ ಅವಳು ಪೆನ್ನು ಕೆಳಗಿಟ್ಟು ನಮ್ಮ ಮೂವರ ಮುಖವನ್ನೂ ಒಂದೇ ರೀತಿ ನೋಡಿದಳು. ಬೇಕರಿಯವನು ಊರಲ್ಲಿ ತನ್ನ ಅಕ್ಕನಿಗೆ ಹುಷಾರಿಲ್ಲವೆಂದು ರಜೆ ಕೇಳುವುದೆಂದು ತೀರ್ಮಾನವಾಯಿತು. ಆ ಅಕ್ಕನ ಕಾಯಿಲೆಯನ್ನು ನನ್ನ ತಂಗಿಯ ಗಂಡ ದಾರಿಯಲ್ಲೇ ವಿವರವಾಗಿ ಹೊಸೆದುಕೊಟ್ಟ. ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ.

ಆ ವಾರ ಹೆಸರು ಕೊಡುವ ದಿನ ಬಂದು ಹೋಯಿತು. ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಅವನು ಎರಡು ದಿನ ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಊಟ ಕೇಳಿ ಬಡಿಸಿಕೊಂಡ.

ಮುಂದಿನ ವಾರ ನಾವು ಹೋದಾಗ ತಂಡದ ಉಳಿದ ಆರು ಮಂದಿಯೂ ಕೋಣೆಯಲ್ಲಿ ಕಾಯುತ್ತಿದ್ದರು. ಯಾರೂ ಇನ್ನೂ ಸ್ಲೆಡ್ಡಿಗೆ ಇಳಿದಿರಲಿಲ್ಲ. ಗೋಲ್ ಕೀಪರ್ ಕೇಳಿದ, "ಬೇಕರಿಯವನೆಲ್ಲಿ? ಅವತ್ತು ಸ್ಲೆಡ್ಡಲ್ಲಿ ಕೂತಿದ್ದನ್ನ ಬಾಗಿಲಾಚೆಯಿಂದ ನಾನೇ ಕಂಡೆ. ಆಮೇಲೆ ನಿಮ್ಮ ಕಾರಲ್ಲಿ ಹೋದ. ಏನಾಯ್ತು ಅವನಿಗೆ?"

"ಅವನಿಗೇನಾಗುತ್ತೆ? ಕಲ್ಲುಗುಂಡು. ನಾನೇ ಓಡಿಸಿದೆ."

"ಓಡಿಸಿದ್ರಾ?"

"ಬಂದ ದಿನವೇ ಸೆಂಟರಲ್ಲಿ ಆಡ್ತೀನಿ ಅಂದ. ಅದು ನನ್ನ ಜಾಗ. ಬಿಟ್ಟುಕೊಡಕ್ಕಾಗುತ್ತಾ? ನಾಲ್ಕು ಮಾತು ಬೈದೆ, ಕಾರು ಹತ್ತಿಸಿ ಮನೆಗೆ ಬಿಟ್ಟು ಬಂದೆ. ಇನ್ನು ಬರಲ್ಲ."

ಯಾರೂ ನಗಲಿಲ್ಲ. ತಂಡದಲ್ಲಿದ್ದ ಒಬ್ಬಳೇ ಹೆಂಗಸು, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು, ಹತ್ತು ವರ್ಷದಿಂದ ಇವನ ಕಥೆಗಳಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು, ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ, "ನಿಮ್ಮ ಜಂಬಕ್ಕೆ ನಮ್ಮೆಲ್ಲರ ಪಂದ್ಯ ಹೋಯ್ತು" ಎಂದಳು. ಹಾಗೆಂದರೆ ಹಾಗೆಯೇ ಎಂಬಂತೆ ಇವನು ತಲೆಯಾಡಿಸಿದ. ಗೋಲ್ ಕೀಪರ್ ನನ್ನ ಕಡೆ ನೋಡಿದ. ನಾನು ಚೀಲದ ಜಿಪ್ಪು ಎಳೆಯುತ್ತಿದ್ದೆ.

ಅವತ್ತಿನ ಆಟದಲ್ಲಿ ಅವನಿಗೆ ಯಾರೂ ಪಕ್ ಕೊಡಲಿಲ್ಲ. ಅವನು ಮಾತ್ರ ಪ್ರತಿ ಸಲವೂ ತೆರವಿರುವ ಜಾಗಕ್ಕೆ ಸರಿಯಾಗಿ ಬಂದು ನಿಂತು, ಕೋಲಿನಿಂದ ಮಂಜುಗಡ್ಡೆ ತಟ್ಟಿ, ಇಲ್ಲಿದ್ದೇನೆ ಎಂದು ಕೂಗುತ್ತಿದ್ದ.