ಅಜ್ಜ ಜೋಡಿಸದ ಎರಡು ವಾಕ್ಯ

ಮಾನ್ಯ ಮಹನೀಯರೇ, ವ್ಯಾಕರಣದಲ್ಲಿ ನನ್ನಂತೆಯೇ ದಯನೀಯರೇ, ಇಂದಿನ ಉಪನ್ಯಾಸ ಇಂಗ್ಲಿಷ್ ವಾಕ್ಯಗಳ ನಂಟಸ್ತಿಕೆಯ ಬಗ್ಗೆ. ನಾವು ‘ಹೋಗಿ, ಬಂದು, ಉಂಡು’ ಎಂದು ಕ್ರಿಯಾಪದಗಳನ್ನೇ ಸಾಲಾಗಿ ನಡೆಸುತ್ತೇವೆ. ಇಂಗ್ಲಿಷಿನವರಿಗೆ ನಡುವೆ ‘ಹೂ’, ‘ವಿಚ್’, ‘ಬಟ್’ ಎಂಬ ಕೊಂಡಿ ಬೇಕು.

ಎದುರಿನ ಬೆಂಚಿನಲ್ಲಿ ಹುಡುಗಿಯೊಬ್ಬಳು ಎರಡು ವಾಕ್ಯಗಳನ್ನು ಒಂದು ಮಾಡುವ ಹೋಂವರ್ಕ್ ಬರೆಯುತ್ತಿದ್ದಾಳೆ. ಅದನ್ನು ನೋಡಿಯೇ ಅಜ್ಜ ನೆನಪಾದ. ನಾರಾಯಣಖೇಡದ ಮನೆಯ ಕಟ್ಟೆಯ ಮೇಲೆ ತೊಗರಿ ಆರಿಸುತ್ತಲೇ ನನಗೆ ಇದೇ ಪಾಠ ಹೇಳಿಕೊಡುತ್ತಿದ್ದ. ಹೇಳುತ್ತ ಹೇಳುತ್ತ ನಿಜಾಮನ ಕಾಲದ ತನ್ನ ಶಾಲೆಗೆ ಹೋಗಿಬಿಡುತ್ತಿದ್ದ.

ಅವು ಗಲಭೆಯ ದಿನಗಳು. ತೊಗರಿ ಗಾಡಿ ಹೊಡೆದುಕೊಂಡು ಹೋದ ಮುತ್ತಜ್ಜನ ಸುದ್ದಿಯೇ ಇರಲಿಲ್ಲ. ಇಂಗ್ಲಿಷ್ ಕಲಿಸುವ ಸಾಹೇಬರು ಎರಡು ವಾಕ್ಯ ಹೇಳು ಎಂದಾಗ ಅಜ್ಜ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ‘ನಮ್ಮಪ್ಪ ತಾಂಡೂರಿಗೆ ಹೋದ. ತಿರುಗಿ ಬರಲಿಲ್ಲ.’

"ಭೇಷ್. ಈಗ ‘ಬಟ್’ ಹಾಕಿ ಜೋಡಸು."

"ಜೋಡಸಂಗಿಲ್ರಿ ಸಾಹೇಬ್ರ. ಜೋಡಿಸಿದ್ರ ಮಾತು ಮುಗೀತದ. ಅಪ್ಪ ಬರಾಕ ನಡುವ ಜಾಗಾ ಇರ್ಲಿ."

ಹುಡುಗರು ನಕ್ಕರಂತೆ. ಸಾಹೇಬರು ಬೆತ್ತ ಕೆಳಗಿಟ್ಟು, "ರಹನೇ ದೇ ಬೇಟಾ, ಇರ್ಲಿ ಬಿಡು" ಎಂದರಂತೆ.

ಮುತ್ತಜ್ಜ ಬರಲೇ ಇಲ್ಲ. ಮುದುಕನಾದರೂ ಅಜ್ಜ ಅವೆರಡನ್ನು ಜೋಡಿಸಲಿಲ್ಲ. ನಾನು ಹಟ ಹಿಡಿದರೆ, "ಸುಮ್ಮ ತೊಗರಿ ಆರಸಲೇ, ದೊಡ್ಡ ಮಾಸ್ತರ" ಎನ್ನುತ್ತಿದ್ದ. ಕಲ್ಲಿಗಿಂತ ಹೆಚ್ಚು ಕಾಳನ್ನೇ ಆಚೆ ಎಸೆಯುತ್ತಿದ್ದ.

ಸಭೆಯೂ ಇಲ್ಲ, ಉಪನ್ಯಾಸವೂ ಇಲ್ಲ. ಈ ಬೆಂಚು ಆಸ್ಪತ್ರೆಯದು. ಅಪ್ಪನನ್ನು ಬೆಳಿಗ್ಗೆಯೇ ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಇನ್ನೂ ಹೊರಗೆ ತಂದಿಲ್ಲ.