ಹನುಮಪ್ಪನ ಸಿಂಧೂರ ಬಿದ್ದ ಎರಡು ಸಾಲು

ಹನುಮಪ್ಪನನ್ನು ನಂಬಿದ ಅಕ್ಕ-ಅಣ್ಣಂದಿರೇ, ನಾನು ಬರೆಯುವವನಲ್ಲ, ಸೀರೆ ತೋರಿಸುವವನು. ಸುಲ್ತಾನ್ ಬಜಾರಿನ ಒಂದು ಸೀರೆ ಅಂಗಡಿಯ ಗಾದಿಯ ಮೇಲೆ ಹದಿನಾಲ್ಕು ವರ್ಷ ಕಾಲು ಮಡಚಿ ಕೂತೆ. ಮೂವತ್ತಾರಕ್ಕೇ ಬೆನ್ನು ಹೋಯಿತು. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಇನ್ನು ನೆಲದ ಮೇಲೆ ಕೂಡಬೇಡ, ಗಂಟು ಎತ್ತಬೇಡ ಎಂದರು. ಇವೆರಡು ಬಿಟ್ಟರೆ ಸೀರೆ ಅಂಗಡಿಯಲ್ಲಿ ಬೇರೆ ಯಾವ ಕೆಲಸವಿದೆ?

ಪರಿಚಯದವರೊಬ್ಬರು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿ ಎಂದರು. ಬೇರೆಯವರು ಕಂಪ್ಯೂಟರಿನಲ್ಲಿ ಮಾಡಿಟ್ಟದ್ದರಲ್ಲಿ ತಪ್ಪು ಹುಡುಕುವ ಕೆಲಸವದು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದಿಂದ ಅರ್ಧ ಸಂಬಳಕ್ಕೆ ಅದೇ ಅಂಗಡಿ. ಕ್ಲಾಸಿನ ಹುಡುಗಿಯರೆಲ್ಲ ನನ್ನನ್ನು ಅಂಕಲ್ ಎನ್ನುತ್ತಿದ್ದರು. ಹೆಂಡತಿ ಗಿರಿಜಾ ಸೀರೆಗೆ ಫಾಲು ಹಚ್ಚಿ ಮನೆ ತೂಗಿಸಿದಳು. ಆಮೇಲೆ ಕೊಂಡಾಪುರದ ಸಾಫ್ಟ್‌ವೇರ್ ಆಫೀಸುಗಳ ಅಲೆದಾಟ. ಎಲ್ಲ ಕಡೆ ಒಂದೇ ಪ್ರಶ್ನೆ, ಅನುಭವ ಎಷ್ಟು? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ವಾಪಸು ಬರುವಷ್ಟರಲ್ಲಿ ಸೊಂಟ ಕಿತ್ತು ಬರುತ್ತಿತ್ತು. ಸಾಕಾಗಿ ಹೋಗಿತ್ತು.

ಕಲಿಸುವ ಸರ್ ಒಂದು ಉಪಾಯ ಹೇಳಿದರು. ಅಂಗಡಿಯ ವಿಷಯ ತೆಗೆದುಹಾಕು, ಇಂಥ ಕಂಪನಿಯಲ್ಲಿ ಮೂರು ವರ್ಷ ಇದ್ದೆ ಅಂತ ಬರಿ, ಸರ್ಟಿಫಿಕೇಟು ನಾನು ಕೊಡಿಸುತ್ತೇನೆ, ಎಲ್ಲರೂ ಮಾಡುವುದೇ ಎಂದರು. ಬಯೋಡಾಟಾದಲ್ಲಿ ಎರಡು ಸಾಲು ಬರೆದೆ. ಗಿರಿಜಾಗೆ ಹೇಳಲಿಲ್ಲ.

ಕಳೆದ ವರ್ಷ ಶ್ರಾವಣದ ಒಂದು ಶನಿವಾರ ಮತ್ತೊಂದು ಸಂದರ್ಶನವಿತ್ತು, ನೇರ ಹೋಗಿ ಕಾಗದ ಕೊಡುವಂಥದ್ದು. ಆ ಸಾಲು ಬರೆದ ಮೇಲೆ ಇದೇ ಮೊದಲನೆಯದು. ಗಿರಿಜಾ ಅಂದಳು, "ಇದ ಕಡೀದ್ರಿ. ಆಗ್ಲಿಲ್ಲಂದ್ರ ನಮ್ಮೂರು ಭಾಲ್ಕಿಗೆ ಹೋಗಿಬಿಡೂಣು. ಇನ್ನೂ ಆ ಗಾದಿ ಮ್ಯಾಲೆ ಕುಂತ್ರ ನೀವು ಏಳಾಂಗಿಲ್ಲ. ಮದಲ ಹನುಮಪ್ಪಗ ತೋರಿಸ್ಕೊಂಡು ಹೋಗ್ರಿ."

ನಮ್ಮಲ್ಲಿ ಮುಖ್ಯವಾದ ಕಾಗದ ಯಾವುದಿದ್ದರೂ ಮೊದಲು ದೇವರ ಪಾದಕ್ಕೆ ಮುಟ್ಟಿಸಬೇಕು. ಸಿಕಂದರಾಬಾದ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಹನುಮಪ್ಪನ ಗುಡಿ ಇದೆ. ಪೂಜಾರಿ ನಮ್ಮ ಕಡೆಯವರೇ. ಬಯೋಡಾಟಾವನ್ನು ಅವರ ಕೈಗೆ ಕೊಟ್ಟೆ. "ಈ ಎರಡು ಸಾಲು ಯಾರೂ ಓದದ ಹಾಗೆ, ಯಾರೂ ಕೆದಕದ ಹಾಗೆ ಮಾಡಪ್ಪಾ," ಎಂದು ಒಳಗೊಳಗೇ ಬೇಡಿಕೊಂಡೆ. ನಾಚಿಕೆಗೇಡು, ಆದರೂ ಬೇಡಿಕೊಂಡೆ. ಪೂಜಾರಿ ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಹೆಬ್ಬೆರಳಿನಿಂದ ಕಾಗದಕ್ಕೆ ಒತ್ತಿ, "ಹೋಗ್ ತಮ್ಮಾ, ಭಾಳ ದಣದೀದಿ. ಆತ ನೋಡ್ಕೋತಾನ," ಎಂದರು. ಕಣ್ಣು ತುಂಬಿ ಬಂತು. ಕಾಗದ ನೋಡದೆ ಫೈಲಿಗೆ ಸೇರಿಸಿ ಬಸ್ಸು ಹತ್ತಿದೆ.

ಸಂದರ್ಶನದ ಮೇಡಂ ನನಗಿಂತ ಚಿಕ್ಕವರು. ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಅಯ್ಯೋ ಹನುಮಪ್ಪಾ! ಸಿಂಧೂರ ಸರಿಯಾಗಿ ಆ ಎರಡು ಸಾಲಿನ ಮೇಲೆಯೇ ಬಿದ್ದು, ಎಣ್ಣೆ ಹರಡಿ, ಒಂದಕ್ಷರವೂ ಕಾಣದಂತಾಗಿತ್ತು. ಮೇಡಂ ಅದನ್ನು ತೋರಿಸಿ, ಇಲ್ಲಿ ಏನಿತ್ತು ಎಂದು ತೆಲುಗಿನಲ್ಲಿ ಕೇಳಿದರು.

ಕಂಪನಿಯ ಹೆಸರು ಬಾಯಿಪಾಠವಿತ್ತು. ಆದರೆ ಆ ಸಿಂಧೂರ ನೋಡುತ್ತ ಸುಳ್ಳು ಹೇಳಿದರೆ ಹನುಮಪ್ಪನ ಮೈ ಮುಟ್ಟಿ ಸುಳ್ಳಾಣೆ ಮಾಡಿದ ಹಾಗೆ. "ಸುಳ್ಳಿತ್ತು ಮೇಡಂ. ನಾನು ಸೀರೆ ಅಂಗಡಿಯವನು," ಎಂದುಬಿಟ್ಟೆ. ಮೇಜು ಹಿಡಿದು ಮೆಲ್ಲಗೆ ಎದ್ದೆ.

ಅವರು ಕೂರಿಸಿದರು. ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿ, ಅವರ ಕಂಪನಿಯೇ ತಯಾರಿಸುತ್ತಿದ್ದ, ಬಟ್ಟೆ ಮಾರುವ ಒಂದು ವೆಬ್‌ಪುಟ ತೆರೆದು, ನಿಮ್ಮ ಗಿರಾಕಿಗಳು ಹೇಗೆ ಕೊಳ್ಳುತ್ತಾರೋ ಹಾಗೆ ಕೊಂಡು ತೋರಿಸಿ ಎಂದರು. ಅದು ನನಗಲ್ಲದೆ ಇನ್ಯಾರಿಗೆ ಗೊತ್ತು? ನಲವತ್ತು ಸೀರೆ ಬಿಚ್ಚಿಸಿ, ಕಡೆಗೆ "ಆ ಮದಲ ತೋರಿಸಿದ್ದು ತಗೀರಿ" ಎನ್ನುವವರೇ ಹೆಚ್ಚು. ಹಾಗೆಯೇ ಮಾಡಿದೆ. ಕೆಂಪು ಆರಿಸಿದೆ, ಬೇಡವೆಂದೆ, ಹಸಿರು, ನೀಲಿ, ಇನ್ನೂ ಇಪ್ಪತ್ತು ನೋಡಿ ಮತ್ತೆ ಮೊದಲಿನ ಕೆಂಪಿಗೇ ಬಂದೆ. ಕೆಂಪು ಒತ್ತಿದರೆ ಹಸಿರು ಬಂತು. ಮೇಡಂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಈ ತಪ್ಪು ಅವರಲ್ಲಿ ಯಾರಿಗೂ ಸಿಕ್ಕಿರಲಿಲ್ಲವಂತೆ.

ಹತ್ತು ದಿನ ಬಿಟ್ಟು ಫೋನು ಬಂತು. ಮೊದಲು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡರು, ಈಗ ಕಾಯಂ. ದಣಿವು ಹೋಯಿತೆಂದು ಸುಳ್ಳು ಹೇಳುವುದಿಲ್ಲ. ಬಸ್ಸು ಅದೇ, ನೋವೂ ಅದೇ. ಆದರೆ ಕೂರಲು ಕುರ್ಚಿಯಿದೆ.

ಗಿರಿಜಾಗೆ ಎಲ್ಲ ಹೇಳಿ ಕಾಗದ ತೋರಿಸಿದೆ. "ದೇವರ ಪಾದಕ್ಕ ಸುಳ್ಳ ಒಯ್ದಿಟ್ರೇನ್ರಿ? ನಾಚ್ಕಿ ಬರ್ಲಿಲ್ಲೇನು?" ಎಂದು ಬಾಯಿಗೆ ಬಂದಂತೆ ಬೈದಳು. ಬೈದು, ಅದನ್ನೇ ದೇವರ ಜಗಲಿಯ ಮೇಲೆ, ಹನುಮಪ್ಪನ ಪಕ್ಕದಲ್ಲಿಟ್ಟು ಕೈಮುಗಿದಳು. ಅಲ್ಲೇ ಇದೆ. ನಾನು ಬೇಡಿದ್ದನ್ನು ನಮ್ಮ ಹನುಮಪ್ಪ ನಡೆಸಿಕೊಟ್ಟ. ಆ ಎರಡು ಸಾಲನ್ನು ಇವತ್ತಿನವರೆಗೆ ಯಾರೂ ಓದಿಲ್ಲ.